ಎರಡು ಬೆರಳು ವಾಲಿದ ಗಾಡಿ

ನನಗೊಂದು ಚಾಳಿ ಅಂಟಿಕೊಂಡುಬಿಟ್ಟಿದೆ. ರಸ್ತೆ ಬದಿಯಲ್ಲಿ ಯಾರದೇ ಕಾರು ನಿಂತಿರಲಿ, ಅದರ ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಬೆರಳು ತೂರಿಸಿ ನೋಡದೆ ಮುಂದೆ ಹೋಗಲಾಗುವುದಿಲ್ಲ. ಎಡಗಡೆ ನಾಲ್ಕು ಬೆರಳು ಹಿಡಿಯಿತೆನ್ನಿ. ಬಲಗಡೆಯೂ ನಾಲ್ಕೇ ಹಿಡಿಯುತ್ತದೆಯೋ ಇಲ್ಲವೋ ಎಂದು ಸುತ್ತು ಹಾಕಿ ಹೋಗಿ ನೋಡಬೇಕು. ಆಗಲೇ ಜೀವಕ್ಕೆ ಸಮಾಧಾನ. ಮೊನ್ನೆ ಸಿಂಧನೂರಿನ ತರಕಾರಿ ಮಾರ್ಕೆಟ್ಟಿನ ಹತ್ತಿರ ಬದನೆಕಾಯಿ ಚೀಲ ಹಿಡಿದುಕೊಂಡೇ ಒಂದು ಬಿಳಿ ಕಾರಿನ ಪಕ್ಕ ಬಗ್ಗಿದ್ದೆ. ಒಳಗೆ ಯಾರೂ ಇಲ್ಲ ಎಂದುಕೊಂಡಿದ್ದೆ. ಗಾಜು ಇಳಿಯಿತು.

"ಏನ್ ಕಳಕೊಂಡೀರಿ ಯಜಮಾನ್ರ?"

"ಏನಿಲ್ರಿ. ನಿಮ್ಮ ಗಾಡಿ ಬರಾಬರಿ ಐತಿ," ಎಂದು ಹೇಳಿ ನಡೆದೆ. ಹಿಂದೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ.

ನಗಬೇಡಿ. ನಿಮ್ಮ ಗಾಡಿಯೂ ಒಮ್ಮೆ ಎರಡು ಬೆರಳು ವಾಲಿ, ಅದರಿಂದಾಗಿ ಹೆತ್ತ ಮಗಳು ತವರಿಗೆ ಬರುವುದೇ ನಿಂತುಹೋಗುವ ಹಾಗಾಗಿದ್ದರೆ ನೀವೂ ಹೀಗೇ ಆಗುತ್ತಿದ್ದಿರಿ. ಈಗ ನನ್ನ ಗಾಡಿ ಮೊದಲಿನ ಎತ್ತರಕ್ಕೆ ಮರಳಿದೆ. ಚಾಳಿ ಮಾತ್ರ ಉಳಿದಿದೆ.

ಹೊಟ್ಟೆಪಾಡಿಗೆ ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಅಳತೆ ಎಂದರೆ ಪಟ್ಟಿ ಹಿಡಿದು ಮಾಡಬೇಕು, ಕಣ್ಣಳತೆ ಕೈಯಳತೆ ನಡೆಯುವುದಿಲ್ಲ ಎಂದು ಮಕ್ಕಳಿಗೆ ಗದರಿಕೊಂಡೇ ಮೂವತ್ತು ವರ್ಷ ಕಳೆದಿದ್ದೇನೆ. ಆದರೆ ರಕ್ತದಲ್ಲಿ ಬಂದದ್ದು ಎಲ್ಲಿ ಹೋಗಬೇಕು? ಪಾಮನಕಲ್ಲೂರಿನ ನಮ್ಮ ತಾಯಿಯ ತವರಿನಲ್ಲಿ ಅಳತೆಪಟ್ಟಿ ಎಂಬ ವಸ್ತುವೇ ಇರಲಿಲ್ಲ. ಅಜ್ಜನ ಗೇಣು ಬಾಗಿಲಿಗೆ, ಮೊಳ ಹಗ್ಗಕ್ಕೆ, ಮಾರು ಬಾವಿಗೆ. ಅಜ್ಜಿಯ ತೋರುಬೆರಳಿನ ಮೊದಲ ಗೆರೆ ಅನ್ನದ ನೀರಿಗೆ. ಹಬ್ಬಕ್ಕೆ ಅಂಗಿ ಹೊಲಿಸಲು ಹೋದರೆ ಸಿಂಪಿಗರ ಅಜ್ಜ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಇರುತ್ತಿದ್ದ, ತೆಗೆಯುತ್ತಿರಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಮುಂದಿನ ವರ್ಷಕ್ಕೂ ಆಗೂ ಹಂಗ ಹೊಲೀತೀನಿ, ಹೋಗು," ಎನ್ನುತ್ತಿದ್ದ. ನನ್ನ ಬಾಲ್ಯವೆಲ್ಲ ಮುಂದಿನ ವರ್ಷದ ಅಂಗಿಯೊಳಗೇ ಕಳೆಯಿತು.

ಅಜ್ಜನ ಎತ್ತಿನ ಗಾಡಿಯೂ ಹಾಗೆಯೇ. ಒಂದು ಚಕ್ರ ಮುರಿದಾಗ ಬಡಿಗೇರನು ಕಣ್ಣಂದಾಜಿನಲ್ಲೇ ಹೊಸದು ಮಾಡಿಕೊಟ್ಟ. ಅದು ಹಳೆಯದಕ್ಕಿಂತ ನಾಲ್ಕು ಬೆರಳು ದೊಡ್ಡದಾಯಿತು. ಗಾಡಿ ಎಡಕ್ಕೆ ವಾಲಿಯೇ ನಡೆಯುತ್ತಿತ್ತು. ಮಸ್ಕಿ ಸಂತೆಗೆ ಹೊರಟರೆ ನಾವು ಐದಾರು ಹುಡುಗರು ಜಾರಿ ಜಾರಿ ಎಡಗಡೆ ಕೂತ ನಮ್ಮ ಚಿಗವ್ವನ ಮೇಲೆ ಬೀಳುತ್ತಿದ್ದೆವು. ತಾಯಿಯ ತಂಗಿ ಅವಳು, ಆಗಿನ್ನೂ ಮದುವೆಯಾಗಿರಲಿಲ್ಲ. "ಅಪ್ಪಾ, ಈ ಸುಡುಗಾಡು ಗಾಡಿ ಬರಾಬರಿ ಮಾಡಸು. ಇಲ್ಲಾಂದ್ರ ಈ ಹುಡುಗೂರ್ನ ನಡಸಿಕೊಂಡು ಹೋಗು," ಎಂದು ಕೂಗುತ್ತಿದ್ದಳು. ಅಜ್ಜ ಬೀಡಿ ಸೇದುತ್ತ, "ನೀ ಬಲಕ್ಕ ಕುಂದ್ರು," ಎನ್ನುತ್ತಿದ್ದ. ಅಷ್ಟೇ ರಿಪೇರಿ. ಅದೇ ಚಿಗವ್ವ ಮುಂದೆ ಗೊರೇಬಾಳಕ್ಕೆ ಮದುವೆಯಾಗಿ ಹೋಗಿ, ಕಾಲುವೆ ನೀರಿನ ಗದ್ದೆ ಹದ ಮಾಡುವುದರಲ್ಲಿ ಊರಿಗೇ ಹೆಸರಾದಳು. ಅವಳು ಈ ಕತೆಯೊಳಗೆ ಬರುತ್ತಾಳೆ. ಬಂದಾಗ ನೋಡಿಕೊಳ್ಳಿ.

ಈಗ ನನ್ನ ಗಾಡಿಯ ಮಾತು. ಕಾರು ತಗ್ಗಿಸುವುದು ಎಂದರೆ ಹಳೆಯ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಕೂರಿಸುವುದು. ಗಾಡಿ ನೆಲಕ್ಕೆ ಹತ್ತಿರವಾಗಿ ಕುಳಿತುಕೊಳ್ಳುತ್ತದೆ. ಇದನ್ನು ಮೀಸೆ ಮೂಡುತ್ತಿರುವ ಹುಡುಗರು ಮಾಡಿಸುತ್ತಾರೆ. ನಾನು ಐವತ್ತನಾಲ್ಕರಲ್ಲಿ ಮಾಡಿಸಿದೆ.

ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೆ: ಮಗಳಿಗಾಗಿ. ಲಿಂಗಸುಗೂರಿಗೆ ಕೊಟ್ಟಿರುವ ನಮ್ಮ ಒಬ್ಬಳೇ ಮಗಳು ಸವಿತಾ ಮೊದಲ ಬಸುರಿ. ಐದನೇ ತಿಂಗಳಲ್ಲಿ ಅವಳು ಯಾರದೋ ಎತ್ತರದ ಬಾಡಿಗೆ ಗಾಡಿಯಲ್ಲಿ ಬಂದಿಳಿದಾಗ ನೋಡಿದ್ದೆ. ಮರಳಿ ಹೋಗುವಾಗ ಹತ್ತಲು ಪಾಪ, ಒಂದು ಕೈ ಸೊಂಟಕ್ಕೆ, ಒಂದು ಕೈ ಬಾಗಿಲಿಗೆ ಕೊಟ್ಟು ಮೂರು ಸಲ ಪ್ರಯತ್ನ ಮಾಡಿದಳು. ಮಗಳನ್ನು ಕರೆತರುವಾಗ ಅವಳು ಸುಮ್ಮನೆ ಜಾರಿ ಕೂರುವಂತೆ ಗಾಡಿ ತಗ್ಗಿನಲ್ಲಿರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಇದು ಖರೆ. ಆದರೆ ಪೂರ್ತಿ ಖರೆ ಅಲ್ಲ. ಮೊಬೈಲಿನಲ್ಲಿ ಒಂದು ಕೆಂಪು ಕಾರು ನೆಲ ಸವರಿಕೊಂಡು ಸಾಗುವ ವೀಡಿಯೊ ನೋಡಿದ್ದೆ. ಒಮ್ಮೆಯಲ್ಲ, ಹತ್ತಾರು ಸಲ. ಯಾವ ಕಾರಣ ಎಷ್ಟು ಪಾಲು ಎಂದು ಲೆಕ್ಕದ ಮಾಸ್ತರನನ್ನು ಕೇಳಬೇಡಿ.

ನನ್ನ ಹೆಂಡತಿ ಗಿರಿಜಾ ಅಂಗಳದಲ್ಲಿ ನಿಂತು ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ನಮ್ಮ ಗಾಡಿ ಮೊದಲ ಗಿಡ್ಡ ಐತ್ರೀ. ಇನ್ನೇನ್ ನೆಲದಾಗ ಹುಗೀತೀರೇನು?" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಸ್ಪ್ರಿಂಗು ಕೂರಿಸಿದ್ದು ಖಾಸಿಂ ಭಾಯಿ. ಇಪ್ಪತ್ತೈದು ವರ್ಷದಿಂದ ನಮ್ಮೂರಿನಲ್ಲಿ ಗಾಡಿ ಕೆಲಸ ಮಾಡುವ ಮನುಷ್ಯ. ಅವರ ಇಬ್ಬರು ಮಕ್ಕಳಿಗೂ ನಾನೇ ಲೆಕ್ಕ ಕಲಿಸಿದವನು. ಆ ಮುಲಾಜಿಗೆ ಒಪ್ಪಿಕೊಂಡರು. "ಸರ್, ನಮ್ಮ ರೋಡ್ ನೋಡಿ ಎಲ್ಲಾರೂ ಗಾಡಿ ಎತ್ತರ ಮಾಡಸ್ತಾರ. ನೀವೊಬ್ರ ನೋಡ್ರಿ ತಗ್ಗಸಾಕತ್ತೀರಿ," ಎಂದು ನಕ್ಕರು. ಚಕ್ರಗಳನ್ನು ಹಿಡಿದಿಡುವ ಕಬ್ಬಿಣದ ತೋಳುಗಳ ಕೀಲಿನಲ್ಲಿ ರಬ್ಬರಿನ ಬುಷ್ ಇರುತ್ತವೆ. ಅವೂ ಬಿರುಕು ಬಿಟ್ಟಿದ್ದರಿಂದ ಅವನ್ನೂ ಬದಲಿಸಿದರು. ಅಂದು ಶುಕ್ರವಾರ. ಎಡಗಡೆಯದೆಲ್ಲ ಮುಗಿದು ಗಾಡಿ ಬಲಗಡೆ ಜಾಕಿನ ಮೇಲಿತ್ತು. ನಮಾಜಿನ ಹೊತ್ತಾಯಿತು.

"ಸರ್, ಬಂದ್ ಬಿಡ್ತೀನಿ. ಏನೂ ಮುಟ್ಟಬ್ಯಾಡ್ರಿ," ಎಂದು ಕೈ ತೊಳೆದು ಹೋದರು.

ನಾನು ಮುಟ್ಟಿದೆ. ಕೂತು ಕೂತು ಬೇಸರವಾಗಿತ್ತು. ಬಗ್ಗಿ ನೋಡಿದರೆ ಆ ತೋಳಿನ ನಟ್ಟು ಸಡಿಲವಾಗಿಯೇ ಇದೆ. ಅಯ್ಯೋ, ಮರೆತು ಹೋಗಿದ್ದಾರೆ, ನಾಡಿದ್ದು ನನ್ನ ಮಗಳನ್ನು ಕೂರಿಸಿಕೊಂಡು ಬರುವ ಗಾಡಿ ಇದು ಎಂದುಕೊಂಡೆ. ಪಾನಾ ಹಿಡಿದು, ಹಲ್ಲು ಕಚ್ಚಿ, ನಟ್ಟನ್ನು ತಿರುಗುವಷ್ಟೂ ಬಿಗಿದೆ. ಪಾನಾ ಮೊದಲಿದ್ದ ಜಾಗದಲ್ಲೇ ಇಟ್ಟು, ಬಂದು ಸ್ಟೂಲಿನ ಮೇಲೆ ಕುಳಿತೆ. ಒಂದು ಪುಣ್ಯದ ಕೆಲಸ ಮಾಡಿದ ಖುಷಿ. ಹೇಳಿದರೆ ಖಾಸಿಂ ಭಾಯಿಗೆ ನಾಚಿಕೆಯಾದೀತೆಂದು ಹೇಳಲಿಲ್ಲ. ಆಮೇಲೆ ಮರೆತೂ ಹೋಯಿತು.

ಎರಡು ದಿನದಲ್ಲಿ ಗಾಡಿ ವಾಲಿತು. ಮುಂದಿನ ಬಲಭುಜ ಎತ್ತಿ, ಎಡಭುಜ ಇಳಿಸಿ ನಿಲ್ಲತೊಡಗಿತು. ನಾನು ಬೆರಳಿಟ್ಟು ನೋಡಿದೆ: ಎಡಕ್ಕೆ ಎರಡು, ಬಲಕ್ಕೆ ನಾಲ್ಕು. ಹೊಸ ಸ್ಪ್ರಿಂಗು, ಕೂರಲು ಹೊತ್ತು ಹಿಡಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ಅದರಲ್ಲೇ ಲಿಂಗಸುಗೂರಿಗೆ ಹೊರಟೆವು, ಮಗಳ ಕುಬಸಕ್ಕೆ.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಗಳನ್ನು ತವರಿಗೆ ಕರೆತರುತ್ತೇವೆ. ಎಂಟು ಹತ್ತಿತೋ, ಹೊಸಿಲು ದಾಟಿಸುವುದಿಲ್ಲ. ಒಂಬತ್ತರವರೆಗೆ ಕಾಯಬೇಕು. ಒಂಬತ್ತರಲ್ಲಿ ಮಸ್ಕಿ ದಾಟಿ ಇಷ್ಟು ದೂರ ಕೂರಿಸಿಕೊಂಡು ಬರಲು ಯಾರ ಎದೆ ಗಟ್ಟಿ ಇದೆ? ಏಳರಲ್ಲಿ ಬಂದರೆ ಬಂದಳು, ಇಲ್ಲವಾದರೆ ಚೊಚ್ಚಲ ಹೆರಿಗೆ ಅಲ್ಲಿಯೇ. ಮುಂದಿನ ಭಾನುವಾರಕ್ಕೆ ಸವಿತಾಳಿಗೆ ಎಂಟು ಹತ್ತುವುದಿತ್ತು. ಗಿರಿಜಾ ಒಂದು ತಿಂಗಳಿಂದ ಒಳಕೋಣೆ ತೊಳೆದು, ಸುಣ್ಣ ಹೊಡೆಸಿ, ಮಂಚದ ಕಾಲಿಗೆ ಕೂಡ ಬಣ್ಣ ಬಳಿಸಿ ಕಾದಿದ್ದಳು.

ಕುಬಸ ಚೆಂದ ಆಯಿತು. ಹೋಳಿಗೆ ಊಟವಾಯಿತು. ಮಗಳ ಬಟ್ಟೆಯ ಪೆಟ್ಟಿಗೆ ಗಾಡಿಯಲ್ಲಿಟ್ಟು ಅಂಗಳಕ್ಕೆ ಬಂದಾಗ ನಮ್ಮ ಬೀಗತಿ, ಅಂದರೆ ಅಳಿಯನ ತಾಯಿ ಶಾಂತಮ್ಮನವರು, ಗಾಡಿಯ ಎದುರು ನಿಂತರು. ಸೆರಗು ಬಾಯಿಗಿಟ್ಟು ಒಂದು ಗಳಿಗೆ ನೋಡಿದರು.

"ಬೀಗರ, ಗಾಡಿ ವಾಲೈತಲ್ರೀ."

"ಹೊಸ ಸ್ಪ್ರಿಂಗ್ರೀ ಅಕ್ಕಾರ. ಕುಂದರತಾವ."

"ಬರೂವಾಗ ನಮ್ಮ ಓಣಿ ಹಂಪ್ ಮ್ಯಾಲೆ ಗರ್ ಅಂತ ಕೆರೀತು. ಒಳಗಿದ್ದಾಕಿಗೆ ಕೇಳಸ್ತು. ಎರಡು ಜೀವದಾಕೀನ ಇದರಾಗ ಹೆಂಗ ಕಳಸ್ಲಿ?"

ಗಿರಿಜಾ, "ಬ್ಯಾರೆ ಗಾಡಿ ತರಸ್ತೀವ್ರಿ," ಎಂದಳು. ಅದಕ್ಕೆ ಸವಿತಾಳೇ ಬೇಡವೆಂದಳು. ಐದನೇ ತಿಂಗಳಲ್ಲಿ ಆ ಬಾಡಿಗೆ ಗಾಡಿಯ ವಾಸನೆಗೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಮೂರು ದಿನ ಹಾಸಿಗೆ ಹಿಡಿದಿದ್ದಳು. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ. ನಮ್ಮ ಗಾಡಿಯ ಮುಂದಿನ ಸೀಟಿನಲ್ಲಿ, ಗಾಜು ಇಳಿಸಿ ಕೂತರೆ ಮಾತ್ರ ಅವಳ ಹೊಟ್ಟೆ ಸುಮ್ಮನಿರುತ್ತದೆ. ಬೀಗತಿಗೂ ಅದು ಗೊತ್ತು.

"ನಾ ಬ್ಯಾಡ ಅನ್ನೂದಿಲ್ರಿ ಬೀಗರ," ಎಂದರು ಅವರು, ಈ ಸಲ ಮೆತ್ತಗೆ. "ಮಗಳು ನಿಮ್ಮಾಕಿ. ಗಾಡಿ ನೆಟ್ಟಗ ಮಾಡಿಸಿಕೊಂಡು ಬರ್ರಿ. ಅವತ್ತ ಕಳಸ್ತೀನಿ."

ಬೈದಿದ್ದರೆ ಜಗಳ ಮಾಡಬಹುದಿತ್ತು. ಹೀಗೆ ಹೇಳಿದರೆ ಏನು ಮಾಡುವುದು? ಪೆಟ್ಟಿಗೆ ಕೆಳಗಿಳಿಸಿದೆವು. ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತ ಸವಿತಾ ಕೈ ಎತ್ತಿ, "ಜಲ್ದಿ ಬಾ ಅಪ್ಪಾ," ಎಂದಳು. ಸಿಂಧನೂರಿನ ದಾರಿ ಹಿಡಿದೆವು. ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ, "ಚಾ ಕುಡೀತಿಯೇನು?" ಎಂದೆ. ಗಿರಿಜಾ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ನಾನೂ ಕುಡಿಯಲಿಲ್ಲ.

ಭಾನುವಾರ ಎಂದರೂ ನಮಗೆ ನಿಜವಾಗಿ ಉಳಿದದ್ದು ಗುರುವಾರದವರೆಗೆ ಮಾತ್ರ. ಶುಕ್ರವಾರ ಮನೆಯ ಹೆಣ್ಣುಮಗಳನ್ನು ಯಾರೂ ಕಳಿಸುವುದಿಲ್ಲ. ಶನಿವಾರದ ಪಯಣ ಬೀಗತಿಯವರಿಗೆ ಆಗಿಬರದು. ಶಾಲೆಗೆ ರಜೆ ಬರೆದುಕೊಟ್ಟು ಸೋಮವಾರ ಬೆಳಗ್ಗೆಯೇ ಖಾಸಿಂ ಭಾಯಿಯನ್ನು ಮನೆಗೆ ಎಳೆದುಕೊಂಡು ಬಂದೆ. ಟೈರಿನ ಗಾಳಿ ನೋಡಿದರು, ಸ್ಪ್ರಿಂಗಿನ ತುದಿ ಅದರ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಿದರು. ಎಲ್ಲ ಸರಿ. ಗಾಡಿ ಮಾತ್ರ ಓರೆ. ನಾನು ಸಿಟ್ಟಿನಿಂದ ಉರಿಯುತ್ತಿದ್ದೆ. ಸ್ಪ್ರಿಂಗು ಮಾಡಿದವರನ್ನು ಬೈದೆ, ಮಾರಿದವರನ್ನು ಬೈದೆ, ರಸ್ತೆ ಮಾಡಿದವರನ್ನು ಬೈದೆ. ಸುಳ್ಳು ಯಾಕೆ, ಖಾಸಿಂ ಭಾಯಿಯ ಮುಖದ ಮೇಲೆಯೇ, "ಇಪ್ಪತ್ತೈದು ವರ್ಷ ಏನ್ ಕೆಲಸ ಮಾಡೀರಿ ನೀವು?" ಎಂದುಬಿಟ್ಟೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಚ್ಚಿದರು.

ಮಂಗಳವಾರ ಅಳತೆಯ ಜಗಳ ಶುರುವಾಯಿತು. ನಾನು ಎರಡು ಬೆರಳು ವ್ಯತ್ಯಾಸ ಎನ್ನುತ್ತೇನೆ, ಅವರು ಒಂದೇ ಬೆರಳು ಎನ್ನುತ್ತಾರೆ. ಪಾನಾ ಹಿಡಿದು ಹಿಡಿದು ಅವರ ಬೆರಳುಗಳು ಬದನೆಕಾಯಿಯಷ್ಟು ದಪ್ಪ. ಚಾಕ್ ಹಿಡಿದ ನನ್ನವು ಸಣಕಲು. ಇಬ್ಬರೂ ಗಾಡಿಯ ಎರಡು ಬದಿ ಕುಕ್ಕರಗಾಲಿನಲ್ಲಿ ಕೂತು ಕೂಗಾಡುತ್ತಿರುವಾಗ ಆಟೋದಿಂದ ಚಿಗವ್ವ ಇಳಿದಳು. ಬಾಣಂತನಕ್ಕೆ ಎಂದು ಗೊರೇಬಾಳದಿಂದ ಬೆಳ್ಳುಳ್ಳಿ, ಅಳವಿ, ಉತ್ತತ್ತಿ ಕಟ್ಟಿಕೊಂಡು ಬಂದಿದ್ದಳು. ಎಪ್ಪತ್ತು ದಾಟಿದೆ, ಧ್ವನಿ ಮಾತ್ರ ಮಸ್ಕಿ ಸಂತೆಯ ಗಾಡಿಯಲ್ಲಿದ್ದದ್ದೇ.

"ಲೇ ಬಸವಾ, ಏನ್ ಗೋಲಿ ಆಡಾಕತ್ತೀರೇನ್ಲೇ?"

ವಿಷಯ ಹೇಳಿದೆ. ಗಂಟು ಕೆಳಗಿಟ್ಟು ಗಾಡಿಯನ್ನು ಒಂದು ಸುತ್ತು ಹಾಕಿದಳು. ಆಮೇಲೆ ಗಾಡಿಯನ್ನು ಬಿಟ್ಟು ನೆಲವನ್ನು ನೋಡತೊಡಗಿದಳು. "ಗಿರಿಜಾ, ಒಂದು ಕೊಡ ನೀರು ತಾ."

ನೀರು ಬಂತು. ಗಾಡಿಯ ಮುಂದೆ ಅಂಗಳದ ಬಂಡೆಯ ಮೇಲೆ ಸುರಿದಳು. ನೀರು ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಗೇಟಿನ ಪಕ್ಕದ ಗಟಾರಿಗೆ ದಡದಡ ಹರಿದುಹೋಯಿತು.

"ನೋಡು. ನಿನ್ನ ಅಂಗಳಾನ ವಾಲೈತಿ. ಎರಡು ದಿನದಿಂದ ಈ ಹಾಳ ನೆಲದ ಮ್ಯಾಲೆ ನಿಲ್ಲಿಸಿ ಅಳೀತೀಯಲ್ಲ, ಮಾಸ್ತರ ಅಂತ ಯಾರ್ ಮಾಡ್ಯಾರೋ ನಿನಗ. ಗದ್ದ್ಯಾಗ ಸಸಿ ಹಚ್ಚೂ ಮುಂದ ನಾವು ಮೊದಲ ನೀರು ಬಿಟ್ಟು ನೆಲ ನೋಡ್ತೀವಿ. ಆಮ್ಯಾಲೆ ಸಸಿ."

ನನಗೆ ಸ್ವರ್ಗವೇ ಸಿಕ್ಕಂತಾಯಿತು. ಅಂದರೆ ಗಾಡಿಯಲ್ಲಿ ದೋಷವೇ ಇಲ್ಲ! ಅಂಗಳದ್ದೇ ತಪ್ಪು! ಲಿಂಗಸುಗೂರಿನ ಅಂಗಳವೂ ಹೀಗೇ ಇರಬೇಕು! ಬೀಗತಿಗೆ ಫೋನು ಹಚ್ಚಲು ಕೈ ಜೇಬಿಗೆ ಹೋಗಿತ್ತು. ಖಾಸಿಂ ಭಾಯಿ ತಡೆದರು. "ಸರ್, ಜರಾ ನಿಂದರ್ರಿ. ಬರಾಬರಿ ನೆಲದ ಮ್ಯಾಲೆ ಒಮ್ಮೆ ನೋಡೂಣು."

ಬರಾಬರಿ ನೆಲ ಎಲ್ಲಿದೆ? ಅವರ ಗ್ಯಾರೇಜು ನೀರು ಹರಿದು ಹೋಗಲೆಂದು ಇಳಿಜಾರು ಮಾಡಿದ್ದು. ಶಾಲೆಯ ಮೈದಾನ ನನಗೇ ಗೊತ್ತು, ಚೆಂಡು ತಾನಾಗಿಯೇ ಉರುಳುತ್ತದೆ. "ನನ್ನ ಗದ್ದಿ ಐತಿ, ಆದ್ರ ಮೊಣಕಾಲುದ್ದ ಕೆಸರು," ಎಂದಳು ಚಿಗವ್ವ. ಕಡೆಗೆ ಖಾಸಿಂ ಭಾಯಿಗೇ ಹೊಳೆಯಿತು. ಗೊರೇಬಾಳದ ದಾರಿಯಲ್ಲಿ ಪರಿಚಯದವರ ಅಕ್ಕಿ ಗಿರಣಿಯಿದೆ. ಅಲ್ಲಿ ಭತ್ತದ ಲಾರಿ ತೂಗುವ ಕಬ್ಬಿಣದ ಕಟ್ಟೆ ಇದೆ. ಅದು ಒಂದು ಕೂದಲೆಳೆ ಓರೆಯಿದ್ದರೂ ರೈತರು ಬಿಟ್ಟಾರೆಯೇ?

ಬುಧವಾರ ಬೆಳಗ್ಗೆ ನಾಲ್ವರೂ ಹೋದೆವು. ಗಿರಿಜಾ ಬರುತ್ತೇನೆಂದಳು, ಮನೆಯಲ್ಲಿ ಕೂತು ಗಡಿಯಾರ ನೋಡಲು ಅವಳಿಂದ ಆಗುತ್ತಿರಲಿಲ್ಲ. ಗಾಡಿಯನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸಿದೆ. ಈ ಸಲ ಪಟ್ಟಿ ಹಿಡಿದು ಅಳೆದೆ. ಎಡಕ್ಕಿಂತ ಬಲ ಇನ್ನೂ ಎತ್ತರವೇ. ಅಂಗಳದ ಓರೆ ಕಳೆದಮೇಲೂ ಒಂದು ಬೆರಳಿನ ಮೇಲೆ ಉಳಿದಿತ್ತು. ನಾನು ಪಟ್ಟಿಯನ್ನು ತಿರುಗಿಸಿ ಇನ್ನೊಮ್ಮೆ ಅಳೆದೆ, ತಿರುಗಿಸಿದರೆ ಕಡಿಮೆಯಾದೀತೇನೋ ಎಂಬಂತೆ. ಗಿರಿಜಾ ಮೆಲ್ಲಗೆ, "ನಾಳೆ ಗುರುವಾರ್ರೀ," ಎಂದಳು. ಅವಳ ಕಣ್ಣು ತುಂಬಿದ್ದವು. ಕೆಂಪು ಕಾರಿನ ವೀಡಿಯೊ ನೆನಪಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸಿತು.

ಗಿರಣಿಯ ಶೆಡ್ಡಿನಲ್ಲಿ ಲಾರಿಗಳಿಗೆ ಗ್ರೀಸ್ ಹೊಡೆಯಲು ತೋಡಿದ ಉದ್ದನೆಯ ಗುಂಡಿಯಿತ್ತು. ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸಲು ಹೇಳಿ ಖಾಸಿಂ ಭಾಯಿ ಬ್ಯಾಟರಿ ಹಿಡಿದು ಒಳಗಿಳಿದರು. ನಾವು ಮೂವರು ಗುಂಡಿಯ ಅಂಚಿನಲ್ಲಿ ಬಗ್ಗಿ ನಿಂತೆವು. ಬ್ಯಾಟರಿಯ ಬೆಳಕು ಅತ್ತಿತ್ತ ಸರಿದಾಡಿತು. ಆಮೇಲೆ ಪಾನಾ ಹಾಕಿ ತಿರುಗಿಸಲು ನೋಡಿದ ಸದ್ದು ಕೇಳಿತು, ಜೊತೆಗೆ ಒಂದು ನಿಟ್ಟುಸಿರು.

"ಯಾ ಅಲ್ಲಾ. ಇದು ಮ್ಯಾಲೆ ಇದ್ದಾಗ ಬಿಗದದ್ದು."

"ಅಂದ್ರ?" ಎಂದೆ.

"ಸರ್, ಗಾಡಿ ಜಾಕ್ ಮ್ಯಾಲಿದ್ದಾಗ ಚಕ್ರ ಜೋತು ಬಿದ್ದಿರತೈತಿ. ಅವಾಗ ಈ ನಟ್ಟು ಬಿಗದ್ರ ಒಳಗಿನ ರಬ್ಬರ್ ಆ ಜೋತಾಡೂ ಜಾಗಾನ ತನ್ನ ಜಾಗಾ ಅಂತ ಹಿಡಕೊಂತೈತಿ. ಕೆಳಗಿಳಿಸಿದ್ರೂ ಬಿಡೂದಿಲ್ಲ, ಗಾಡೀನ ಮ್ಯಾಲಕ ನೂಕತಿರತೈತಿ. ಚಕ್ರ ನೆಲಕ್ಕ ಊರಿ, ಗಾಡಿ ಭಾರ ಕುಂತ ಮ್ಯಾಲೆನ ಬಿಗೀಬೇಕು."

ಚಿಗವ್ವನಿಗೆ ತಕ್ಷಣ ತಿಳಿಯಿತು. "ಕೂಸಿನ್ನ ಎತ್ತಿ ಹಿಡಕೊಂಡು ಚಡ್ಡಿ ಲಾಡಿ ಕಟ್ಟಿದಂಗ. ಕೆಳಗ ಬಿಟ್ರ ನೆಟ್ಟಗ ನಿಂದ್ರವಲ್ದು," ಎಂದಳು.

ಖಾಸಿಂ ಭಾಯಿ ಗುಂಡಿಯಿಂದ ಮುಖ ಎತ್ತಿದರು. ಗಲ್ಲದ ಮೇಲೆ ಗ್ರೀಸ್ ಬಳಿದಿತ್ತು. "ನಂದ ತಪ್ಪು ಸರ್. ನಮಾಜಿಗೆ ಹೋಗೂ ಗಡಿಬಿಡ್ಯಾಗ ನಾನ ಬಿಗದು ಹೋಗಿರಬೇಕು. ಬಂದು ನೋಡಿದ್ರ ಬಿಗಿ ಇತ್ತು, ಆಗೈತಿ ಅಂತ ಬಿಟ್ಟೆ. ಇಪ್ಪತ್ತೈದು ವರ್ಷದಾಗ ಈ ತಪ್ಪು ನಾ ಮಾಡಿದ್ದಿಲ್ಲ. ವಯಸ್ಸಾತು ಕಾಣತೈತಿ. ಮಂದಿ ಜೀವದ ಕೆಲಸ ಇದು. ಬಂದ್ ಮಾಡೂದ ಚಲೋ."

ನಿಮಗೆ ಗೊತ್ತಿರುವುದು ಆಗ ಅಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಪಾನಾದ ತಣ್ಣನೆಯ ಹಿಡಿ ಅಂಗೈಗೆ ನೆನಪಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನಟ್ಟು ಸಡಿಲಿಸುತ್ತಾರೆ, ಗಾಡಿ ನೆಟ್ಟಗಾಗುತ್ತದೆ, ಮಗಳು ಬರುತ್ತಾಳೆ. ಒಂದು ಗಳಿಗೆ ಸುಮ್ಮನೆ ಇದ್ದೆ ಕೂಡ. ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಮನುಷ್ಯ ಗುಂಡಿಯಲ್ಲಿ ನಿಂತು ತನ್ನ ದಪ್ಪ ಬೆರಳುಗಳನ್ನೇ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದರು. ನೋಡಲಾಗಲಿಲ್ಲ.

"ಖಾಸಿಂ ಭಾಯಿ, ಅದು ನಾ ಬಿಗದದ್ದು," ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

"ನೀವು ನಮಾಜಿಗೆ ಹೋದಾಗ. ಸಡ್ಲ ಇತ್ತು, ಮರತೀರಿ ಅಂತ... ಒಂದೀಟು ಬಿಗದೆ."

"ಒಂದೀಟೇನ್ರಿ ಸರ್!" ಎಂದು ಕೂಗಿದರು ಅವರು. "ಪಾನಾಕ್ಕ ಪೈಪ್ ಹಾಕಿದ್ರೂ ಬಿಚ್ಚವಲ್ದು!" ಎಂದವರು ಗುಂಡಿಯಲ್ಲೇ ಕೂತು ನಗತೊಡಗಿದರು. ಎದೆಯ ಮೇಲಿನ ಬಂಡೆ ಇಳಿದವರ ನಗು. ನಾನು ಕೈಮುಗಿದು, "ಮೊನ್ನೆ ಬಾಯಿಗೆ ಬಂದಂಗ ಅಂದೀನಿ. ಮಾಫ್ ಮಾಡ್ರಿ," ಎಂದೆ. "ಬಿಡ್ರಿ ಸರ್, ನನ್ನ ಕೈ ಇನ್ನಾ ನೆಟ್ಟಗೈತಿ ಅಂತ ಗೊತ್ತಾತಲ್ಲ. ಅಷ್ಟು ಸಾಕು," ಎಂದರು. ಚಿಗವ್ವ ಹಣೆ ಬಡಿದುಕೊಂಡಳು. ಗಿರಿಜಾ ನನ್ನನ್ನು ಒಂದು ನೋಟ ನೋಡಿದಳು. ಬಯ್ಯುತ್ತಾಳೆಂದುಕೊಂಡೆ. ಅವಳೂ ನಗತೊಡಗಿದಳು. ಭಾನುವಾರದಿಂದ ಆ ಮುಖದಲ್ಲಿ ನಗು ಕಂಡಿರಲಿಲ್ಲ.

ಆಮೇಲಿನದು ಅರ್ಧ ಗಂಟೆಯ ಕೆಲಸ. ಗಾಡಿಗೆ ಭಾರ ಬೇಕೆಂದು ಚಿಗವ್ವನನ್ನೂ ಗಿರಿಜಾಳನ್ನೂ ಒಳಗೆ ಕೂರಿಸಿದರು. ನಾನು ಗುಂಡಿಗಿಳಿದು ಪೈಪಿನ ಒಂದು ತುದಿ ಹಿಡಿದೆ. ನಾನು ಬಿಗಿದದ್ದನ್ನು ಬಿಚ್ಚಲು ಇಬ್ಬರು ಬೇಕಾಯಿತು. ನಟ್ಟು ಕಟಕ್ ಎಂದು ಸಡಿಲಾದದ್ದೇ ತಡ, ಗಾಡಿಯ ಬಲಭುಜ ಉಸ್ಸೆಂದು ಕೆಳಗಿಳಿಯಿತು. "ಯವ್ವಾ, ಬಿದ್ದೆ!" ಎಂದು ಚಿಗವ್ವ ಗಿರಿಜಾಳ ತೋಳು ಹಿಡಿದಳು. "ಕುಂತಲ್ಲೇ ನಾಕು ಸಲ ಜಿಗೀರಿ," ಎಂದು ಖಾಸಿಂ ಭಾಯಿ ಕೆಳಗಿನಿಂದ ಕೂಗಿದರು. ಎಪ್ಪತ್ತು ದಾಟಿದ ಹೆಂಗಸು ಸೀಟಿನ ಮೇಲೆ ಕುಣಿದದ್ದನ್ನು ಗಿರಣಿಯ ಹಮಾಲರು ಕೆಲಸ ಬಿಟ್ಟು ನೋಡಿದರು. ನಟ್ಟು ಮತ್ತೆ ಬಿಗಿದು, ಗಾಡಿಯನ್ನು ತೂಕದ ಕಟ್ಟೆಗೆ ತಂದು, ಪಟ್ಟಿ ಇಟ್ಟೆ. ಎಡಕ್ಕೂ ಬಲಕ್ಕೂ ಒಂದು ಗೆರೆಯ ವ್ಯತ್ಯಾಸವಿಲ್ಲ. ಸಮಾಧಾನವಾಗಲಿಲ್ಲ, ಬೆರಳೂ ಇಟ್ಟು ನೋಡಿದೆ. ಮೂರು, ಮೂರು. ಅಲ್ಲೇ ಕಬ್ಬಿಣದ ಮೇಲೆ ಕೂತುಬಿಟ್ಟೆ. ಅಷ್ಟು ಹಗುರಾಗಿದ್ದು ಯಾವಾಗ ಎಂದು ನೆನಪಿಲ್ಲ.

ಗುರುವಾರ ಬೀಗತಿ ನಮ್ಮನ್ನು ಕಂಡು ಮೊದಲು ನೀರು ಕೊಟ್ಟು, ಆಮೇಲೆ ಗಾಡಿಯ ಮುಂದೆ ಹೋಗಿ ನಿಂತರು. ಬಗ್ಗಿ ಒಂದು ಬದಿ ಅಂಗೈ ಇಟ್ಟರು, ಇನ್ನೊಂದು ಬದಿಯೂ ಇಟ್ಟರು. "ಈಗ ಚೆಂದ ನಿಂತೈತಿ ನೋಡ್ರಿ. ಕರಕೊಂಡು ಹೋಗ್ರಿ. ಹಂಪ್ ಬಂದಲ್ಲಿ ಮಾತ್ರ ಇಳದು ತಳ್ಳಿದ್ರೂ ಚಿಂತಿಲ್ಲ, ಸಾವಕಾಶ," ಎಂದರು. ಸವಿತಾ ಮುಂದಿನ ಸೀಟಿನಲ್ಲಿ ಸಲೀಸಾಗಿ ಜಾರಿ ಕೂತಳು. ನಾನು ಗೆದ್ದವನ ಹಾಗೆ ಗಿರಿಜಾಳ ಕಡೆ ನೋಡಿದೆ.

ಹಂಪು ಬಂದಲ್ಲೆಲ್ಲ ಗಾಡಿಯನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಇಳಿಸಿದೆ. ಹಿಂದಿನ ಲಾರಿಯವರು ಹಾರ್ನ್ ಹೊಡೆದರು, ಹೊಡೆಯಲಿ ಎಂದೆ. ಮಸ್ಕಿಯಲ್ಲಿ ನಿಲ್ಲಿಸಿದಾಗ ಗಿರಿಜಾ ತಾನೇ ಚಹಾ ಕೇಳಿದಳು. ಸವಿತಾ ಕಿಟಕಿಯಲ್ಲಿ ಮುಖ ಇಟ್ಟುಕೊಂಡು ದಾರಿಯುದ್ದಕ್ಕೂ ಹರಟೆ ಹೊಡೆದಳು, ಒಮ್ಮೆಯೂ ಹೊಟ್ಟೆ ತೊಳೆಸಲಿಲ್ಲ. ಭತ್ತದ ಗದ್ದೆಗಳ ಗಾಳಿ ಬರತೊಡಗಿದಾಗ, "ಊರು ಬಂತು," ಎಂದು ಕಣ್ಣು ಮುಚ್ಚಿದಳು.

ಅಂಗಳದಲ್ಲಿ ಚಿಗವ್ವ ನಿವಾಳಿಸಲು ರೊಟ್ಟಿಯ ತುಣುಕು, ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ನಾನು ಓಡಿಹೋಗಿ ಬಾಗಿಲು ತೆಗೆದೆ. ಸವಿತಾ ಒಂದು ಕಾಲು ಹೊರಗಿಟ್ಟಳು, ಇನ್ನೊಂದನ್ನೂ ಇಟ್ಟಳು. ಸೀಟಿಗೆ ಕೈಯೂರಿ ಏಳಲು ನೋಡಿದಳು. ಹಾಗೆಯೇ ಹಿಂದಕ್ಕೆ ಕೂತಳು. ಮತ್ತೊಮ್ಮೆ ನೋಡಿದಳು.

"ಅಪ್ಪಾ."

"ಏನವ್ವ?"

"ಏಳಾಕ ಆಗವಲ್ದು. ಭಾಳ ತಗ್ಗೈತಿ."

ಗಿರಿಜಾ ಹಿಂದಿನ ಸೀಟಿನಿಂದ ಇಳಿಯುತ್ತ, "ಕುಂದರೂ ಲೆಕ್ಕ ಮಾಡ್ಯಾರವ್ವ ನಿಮ್ಮಪ್ಪ. ಏಳೂ ಲೆಕ್ಕ ಬಿಟ್ಟಾರ," ಎಂದಳು. ಚಿಗವ್ವ ನಕ್ಕು ತಂಬಿಗೆಯ ನೀರು ಅರ್ಧ ಚೆಲ್ಲಿಕೊಂಡಳು. "ನಗಸಬ್ಯಾಡ್ರೀ, ಇನ್ನಾ ಏಳಾಕ ಆಗೂದಿಲ್ಲ," ಎಂದು ಸವಿತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಒಂದು ಕೈ ಹಿಡಿದೆ, ಗಿರಿಜಾ ಇನ್ನೊಂದು ಹಿಡಿದಳು. ಒಂದು, ಎರಡು, ಹೂಂ ಎಂದು ಎತ್ತಿದೆವು. ಎದ್ದು ನಿಂತವಳು ಒಂದು ಗಳಿಗೆ ಪೂರ್ತಿ ಭಾರವನ್ನು ನನ್ನ ಭುಜದ ಮೇಲೆ ಬಿಟ್ಟಳು. ಹಸಿರು ಬಳೆಗಳು ನನ್ನ ಕಿವಿಯ ಹತ್ತಿರ ಸದ್ದು ಮಾಡಿದವು. ಚಿಗವ್ವ ರೊಟ್ಟಿ ನಿವಾಳಿಸಿ ಎಸೆದಳು. ಮಗಳು ಬಲಗಾಲಿಟ್ಟು ಹೊಸಿಲು ದಾಟಿದಳು, ಒಳಕೋಣೆಗೆ ನಡೆದಳು, ಬಣ್ಣ ಬಳಿದ ಮಂಚದ ಮೇಲೆ ಕೂತಳು. ಗಿರಿಜಾ ದಿಂಬು ತಂದಳು. ಯಾರೋ ಫ್ಯಾನು ಹಾಕಿದರು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಸವಿತಾ ನನ್ನ ಮುಖ ನೋಡಿ, ಆಮೇಲೆ ಕೆಳಗೆ ನೋಡಿದಳು.

"ಅಪ್ಪಾ, ಬಂದೀನಲ್ಲ," ಎಂದಳು. "ಇನ್ನ ಕೈ ಬಿಡು."